ಬಲಕ್ಕೆ ತಿರುಗಿದ ಕೊಕ್ಕರೆ

"ಇದು ನಮ್ಮೂರಿನ ಪದಕವೇ ಅಲ್ಲಮ್ಮ," ಎಂದು ವಸ್ತುಸಂಗ್ರಹಾಲಯದ ಅಧಿಕಾರಿ ಅದನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. ತಳ್ಳಿದ ರೀತಿಗೇ ಪದಕ, ಮುದ್ರೆಗಳ ಅಚ್ಚು ಕೆತ್ತುವ ಕಸುಬಿನವಳ ಮೈ ಉರಿದುಹೋಯಿತು.

ಪದಕ ಅವಳ ಅಜ್ಜಿಯ ಅಪ್ಪನದು. ದೋಣಿ ನಡೆಸುತ್ತಿದ್ದ ಆತ ದೊಡ್ಡ ನೆರೆಯಲ್ಲಿ ಹನ್ನೊಂದು ಜನರನ್ನು ದಡ ಸೇರಿಸಿದ್ದಕ್ಕೆ ಪುರಸಭೆ ಕೊಟ್ಟದ್ದು. ಆ ನೆರೆಯ ಪದಕಗಳನ್ನೆಲ್ಲ ಈಗ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಇದೂ ಅಲ್ಲಿರಲೆಂದು ಅಜ್ಜಿ ಈ ಮೊಮ್ಮಗಳನ್ನು ಕಟ್ಟಿಕೊಂಡು ಬಂದಿದ್ದಳು. "ಯಾವುದೋ ಗುಜರಿಯದು" ಎಂದು ನಲವತ್ತು ವರ್ಷ ಮೂಗು ಮುರಿದಿದ್ದ ಮೈದುನನ ಬಾಯಿಯನ್ನು ಅಜ್ಜಿ ಮುಚ್ಚಿಸಬೇಕಿತ್ತು.

"ಪದಕ ಪಡೆದವರ ಪಟ್ಟಿಯಲ್ಲಿ ನಿಮ್ಮಪ್ಪನ ಹೆಸರೇನೋ ಇದೆ ಅಜ್ಜಿ," ಅಧಿಕಾರಿ ಗೋಡೆಯ ಮೇಲಿದ್ದ ಊರಿನ ಲಾಂಛನ ತೋರಿಸಿದರು. "ಆದರೆ ನೋಡಿ, ನಮ್ಮ ಕೊಕ್ಕರೆ ಎಡಕ್ಕೆ ನೋಡುತ್ತೆ. ಪೆಟ್ಟಿಗೆಯ ಪದಕಗಳಲ್ಲೂ ಎಡಕ್ಕೇ. ಇದು ಬಲಕ್ಕೆ. ನದಿಯ ಕೆಳಗಿನ ಯಾವುದೋ ಊರಿನದಿರಬೇಕು."

ಅಜ್ಜಿಯ ಮುಖ ಬಾಡಿತು. "ಏಳು ಪುಟ್ಟಿ, ಹೋಗೋಣ."

"ಕೂತ್ಕೊ ಅಜ್ಜಿ!"

ಮೊಮ್ಮಗಳು ಚೀಲದಿಂದ ಮೇಣದ ಉಂಡೆ ತೆಗೆದಳು. ಕೆತ್ತಿದ್ದನ್ನು ಒತ್ತಿ ನೋಡಲು ಅದು ಸದಾ ಜೊತೆಗಿರುತ್ತಿತ್ತು. ಅಂಗೈಯಲ್ಲಿ ನಾದಿ, ತಟ್ಟಿ, ಪದಕವನ್ನು ಹೆಬ್ಬೆರಳಿನಿಂದ ಅದುಮಿ ಎತ್ತಿದಳು.

"ಈಗ ನೋಡಿ ಸಾರ್."

ಮೇಣದಲ್ಲಿ ಕೊಕ್ಕರೆ ಎಡಕ್ಕೆ ನೋಡುತ್ತಿತ್ತು. ಕೊಕ್ಕಿನಲ್ಲಿ ಬೀಗದ ಕೈ, ಹಿಂದೆ ಗೋಪುರ. ಗೋಪುರದ ಕುಸಿದ ಮೂಲೆ ಗೋಡೆಯ ಲಾಂಛನದಲ್ಲಿದ್ದಂತೆಯೇ ಬಲಕ್ಕಿತ್ತು.

"ಬೇರೆ ಊರಿನವರು ಕೊಕ್ಕರೆ ಇಟ್ಕೊಳ್ಳಲಿ, ಕುಸಿದ ಮೂಲೆನೂ ಕದೀತಾರಾ? ಅಚ್ಚಿನಲ್ಲಿ ಎಲ್ಲಾನೂ ತಿರುಗಿಸಿ ಕೆತ್ತಬೇಕು ಸಾರ್, ಆಗಲೇ ಪದಕ ನೆಟ್ಟಗೆ ಬರೋದು. ಇದರ ಅಚ್ಚು ಮಾಡಿದ ಪುಣ್ಯಾತ್ಮ ಮರೆತು, ಕಂಡಂಗೇ ಕೆತ್ತಿದ್ದಾನೆ. ನನ್ನ ಮೊದಲನೇ ಅಚ್ಚಿನಲ್ಲೂ ಕುದುರೆ ಹಿಂದುಮುಂದಾಗಿ ಓಡಿತ್ತು. ಕೆಲಸ ಕಲಿಸಿದ ಯಜಮಾನ ವಾರವಿಡೀ ಅದನ್ನೇ ಹೇಳ್ಕೊಂಡು ನಕ್ಕ."

"ನಕಲು ಮಾಡಿದ್ದೂ ಇರಬಹುದಲ್ಲ?"

"ನಕಲು ಮಾಡೋನು ಅಸಲಿಯನ್ನ ಒತ್ತಿ, ಆ ಗುರುತಿಗೆ ಎರಕ ಹೊಯ್ತಾನೆ. ಎರಡು ಸಲ ತಿರುಗಿ ಅದು ನೆಟ್ಟಗೇ ಬರುತ್ತೆ. ಇದು ಮೊದಲನೇ ಅಚ್ಚಿನ ಪದಕ. ತಪ್ಪು ಕಣ್ಣಿಗೆ ಬೀಳೋ ಹೊತ್ತಿಗೆ ಒಂದನ್ನಾದರೂ ಕೊಟ್ಟುಬಿಟ್ಟಿರ್ತಾರೆ. ಆಮೇಲೆ ಅಚ್ಚು ಬದಲಾಯ್ಸಿದ್ದಾರೆ."

ಅಧಿಕಾರಿ ಭೂತಗನ್ನಡಿ ಹಿಡಿದು ಮೇಣ ನೋಡಿದರು, ಪದಕ ನೋಡಿದರು. ಆಮೇಲೆ ಹಳೆಯ ಪಟ್ಟಿ ಬಿಡಿಸಿ, ಪದಕ ಕೊಟ್ಟ ದಿನಾಂಕಗಳ ಮೇಲೆ ಬೆರಳಾಡಿಸಿದರು. ಬೆರಳು ಮತ್ತೆ ಮೇಲಿನ ಸಾಲಿಗೇ ಬಂದು ನಿಂತಿತು.

"ಮೊದಲನೇ ಹೆಸರೇ ನಿಮ್ಮಪ್ಪನದು ಅಜ್ಜಿ. ಉಳಿದವರಿಗೆ ಕೊಟ್ಟಿದ್ದು ಎರಡು ತಿಂಗಳ ನಂತರ." ಅವರು ಎದ್ದು ನಿಂತರು. "ತಪ್ಪು ನನ್ನದು."

ಅಜ್ಜಿ ಸೆರಗಿನಿಂದ ಪದಕ ಒರೆಸಿ, ಅವರ ಕೈಗೇ ಇಟ್ಟಳು.

"ಮೇಲಿನ ಸಾಲಿನಲ್ಲಿಡಿ, ನಡುಮಧ್ಯ. ಕೆಳಗೆ 'ದೋಣಿಯವನು' ಅಂತ ದಪ್ಪ ಅಕ್ಷರದಲ್ಲಿ ಬರೀರಿ. ಹನ್ನೊಂದು ಜನ ಅನ್ನೋದನ್ನೂ ಬರೀರಿ. ನನ್ನ ಮೈದುನನಿಗೆ ಕಣ್ಣು ಮಂಜು."