ಒಂದು ಜೊತೆ ಬಿಳಿ ಶೂ

ಗಾಳಿ ಬಂತು, ಹೋಯಿತು, ಮತ್ತೆ ಬಂತು — ಪಕ್ಕದಲ್ಲಿ ಕೂತ ಗೆಳತಿ ಬ್ಯೂಲಾ ರಟ್ಟಿನ ಬೀಸಣಿಗೆ ಬೀಸುತ್ತಿದ್ದಾಳೆ, ಬೀಸಣಿಗೆಯ ಮೇಲೆ ವರ್ಲೀನಳ ಅಕ್ಕನದೇ ಫೋಟೊ, ಕೆಂಪು ತುಟಿಯ ಆರ್ಜೆಲ್ಲಾ ಹತ್ತಿರ ಬರುತ್ತಾಳೆ, ದೂರ ಹೋಗುತ್ತಾಳೆ, ಸತ್ತ ಮೇಲೂ ತಂಗಿಗೆ ಗಾಳಿ ಹಾಕುವ ಕೆಲಸ ತಪ್ಪಲಿಲ್ಲವಲ್ಲ ಇವಳಿಗೆ ಅಂದುಕೊಂಡು ವರ್ಲೀನ್‌ಗೆ ನಗು ಬಂತು, ಅಯ್ಯೋ, ನಗಬಾರದು, ಇಡೀ ಮೆಂಫಿಸ್ ಈ ಚರ್ಚಿನಲ್ಲಿ ಬಂದು ಕೂತಿದೆ. ಮುಂದೆ ಹೂವಿನ ರಾಶಿ, ಅದರ ನಡುವೆ ಶವಪೆಟ್ಟಿಗೆ, ಮೇಲಿನ ಅರ್ಧ ಮುಚ್ಚಳ ತೆರೆದಿದೆ, ಕೆಳಗಿನ ಅರ್ಧ ಮುಚ್ಚಿದೆ, ಸೊಂಟದವರೆಗೆ ಮಾತ್ರ ಅಕ್ಕ, ಬೆಳಿಗ್ಗೆ ಶವ ಸಿಂಗರಿಸುವವನನ್ನು ಕೇಳಿದ್ದಳಲ್ಲ, ಏನಪ್ಪಾ, ಕಾಲಿಗೇನು ಹಾಕಿದ್ದೀಯ, ಏನೂ ಇಲ್ಲಮ್ಮ, ಮುಚ್ಚಳದ ಕೆಳಗಿಂದು ಯಾರು ನೋಡ್ತಾರೆ — ಬರಿಗಾಲು, ಊರೂರಿನ ವೇದಿಕೆಗಳ ಮೇಲೆ ಹೊಳೆಯುವ ಹಿಮ್ಮಡಿಯ ಶೂ ಕುಟ್ಟಿ ಹಾಡಿದವಳು, ಎದೆಯಾಳದಿಂದ ಎದ್ದುಬರುವ ಸೋಲ್ ಹಾಡು ಅಂದರೆ ಆರ್ಜೆಲ್ಲಾ ಅಂತ ಪೇಪರಿನವರು ಬರೆದಿದ್ದೇ ಬರೆದಿದ್ದು, ಅವಳು ಬರಿಗಾಲಲ್ಲಿ ಹೊರಟಿದ್ದಾಳೆ. ಏ ವರ್ಲೀ, ನಿನ್ನ ಸರದಿ ಬರ್ತಾ ಇದೆ, ಬಾಯಿಗೆ ಒಂದು ಪೆಪ್ಪರ್‌ಮಿಂಟ್ ಹಾಕ್ಕೋ, ಬ್ಯೂಲಾ ಪಿಸುಗುಟ್ಟಿದಳು, ಸರದಿ, ಹೌದು, ಅಕ್ಕನ ಮಗಳು ಕ್ಯಾಮಿಲ್ ನಿನ್ನೆಯಿಂದ ಹತ್ತು ಸಲ ಹೇಳಿದ್ದಾಳೆ, ಚಿಕ್ಕಮ್ಮಾ, ಅಮ್ಮ ಈ ಚರ್ಚಲ್ಲಿ ಹಾಡಿದ್ದ ಮೊದಲ ರೆಕಾರ್ಡು ಹಾಕ್ತೀವಿ, ಮುಗಿದ ಮೇಲೆ ನೀವು ಎದ್ದು ನಿಂತು ಇದು ನನ್ನಕ್ಕ, ಆಗ ಹದಿನಾಲ್ಕು ವರ್ಷ ಅಂತ ಹೇಳ್ಬಿಡಿ, ಅಷ್ಟೇ.

ಅಷ್ಟೇ ಅಂತೆ. ಅದು ನನ್ನ ದನಿ ಅಂತ ಅರವತ್ತಾರು ವರ್ಷ ನುಂಗಿಕೊಂಡು ಕೂತವಳಿಗೆ ಅಷ್ಟೇ ಅಂತೆ — ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆಗೆ ಮುಖ ಒಡ್ಡಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಾಗ ರೇಡಿಯೊದಲ್ಲಿ ಅಕ್ಕ ಬಂದರೆ ಹುಡುಗಿಯರು ಕುಣಿಯುತ್ತಿದ್ದರು, ವರ್ಲೀನ್ ಮಾತ್ರ ಒಳಗೊಳಗೇ, ಮೊದಲು ಹಾಡಿದ್ದು ನಾನು ಕಣ್ರೇ, ಆ ರೆಕಾರ್ಡು ಕೇಳಿ ಹುಡುಕಿಕೊಂಡು ಬಂದ ರೇಡಿಯೊದವನು ಕೇಳಿದ್ದು ನನ್ನನ್ನೇ, ಆ ಹುಡುಗಿ ಎಲ್ಲಿ ಅಂದ, ಆ ವಾರ ನನಗೆ ಕೆಪ್ಪಟೆ, ಗಲ್ಲ ಊದಿ ಕುಂಬಳಕಾಯಿ, ತಲೆಯ ಸುತ್ತ ಬಟ್ಟೆ ಕಟ್ಟಿಕೊಂಡು ಬಾಗಿಲ ಹಿಂದೆ ನಿಂತಿದ್ದೆ, ಅಮ್ಮ ಆರ್ಜೆಲ್ಲಾಳ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು, ಹಾಡೇ. ಹಾಡಿದಳು. ಹೋದಳು. ಸುಳ್ಳಲ್ಲ, ಗುರುತಿದೆ, ಶೂಗಳೇ ಗುರುತು, ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಜೊತೆ ಬಿಳಿ ಶೂ, ಅಕ್ಕನ ಅಳತೆಯದು, ಅಮ್ಮನ ಕಟ್ಟಪ್ಪಣೆ ಏನೆಂದರೆ ಮುಂದೆ ನಿಂತು ಹಾಡುವವಳಿಗೆ ಶೂ, ಹಿಂದೆ ದನಿಗೂಡಿಸುವವಳು ಕಟಕಟೆಯ ಮರೆಯಲ್ಲಿ ಬರಿಗಾಲಲ್ಲಿ, ರೆಕಾರ್ಡು ಮಾಡಿದ ಆ ಭಾನುವಾರ ಶೂ ನನ್ನ ಕಾಲಲ್ಲಿತ್ತು, ತುದಿಗೆ ತುರುಕಿದ್ದ ಪೇಪರ್ ಚೂರು ಹೆಬ್ಬೆರಳಿಗೆ ಚರಚರ ಅನ್ನುತ್ತಿತ್ತು, ಇವತ್ತೂ ಅನ್ನುತ್ತದೆ, ಸುಳ್ಳೇ? ಆದರೂ ಒಂದು ಬೆಳಿಗ್ಗೆ ಯಾವುದೋ ಊರಿನ ಹೋಟೆಲಿನಿಂದ ಅಕ್ಕ ಫೋನ್ ಮಾಡಿ, ವರ್ಲೀ, ಅದರಲ್ಲಿ ಹಾಡಿದ್ದು ನಾನೋ ನೀನೋ, ಎಲ್ಲರೂ ಕೇಳ್ತಾರೆ, ನಾನು ನಾನೇ ಅಂತೀನಿ, ಹೌದಾ ಅಂದಿದ್ದಳು. ಒಲೆಯ ಮೇಲೆ ಹುರುಳಿಕಾಯಿ ಸೀದುಹೋಗುತ್ತಿತ್ತು, ಆಮೇಲೆ ಮಾಡ್ತೀನಿ ಇಡೇ ಅಂದಳು ವರ್ಲೀನ್, ಆಮೇಲೆ ಮಾಡಲೇ ಇಲ್ಲ, ಆಮೇಲೆ ಎಷ್ಟು ವರ್ಷ. ಇವತ್ತು ಹೇಳಿಬಿಟ್ಟರೆ? ಇಷ್ಟು ಜನರ ಎದುರು, ಇದು ಅವಳಲ್ಲ, ನಾನು, ಎಪ್ಪತ್ತೆಂಟು ವರ್ಷದ ಮುದುಕಿಗೆ ಹೊಟ್ಟೆಕಿಚ್ಚು ಅಂತಾರೆ, ಅನ್ನಲಿ, ಇವತ್ತು ಬಿಟ್ಟರೆ ಇನ್ಯಾವಾಗ, ಪೆಟ್ಟಿಗೆ ಮುಚ್ಚುತ್ತಾರೆ. ಮೊದಲು ಕೇಳಿಸಿಕೋ, ಹಾಡಿನ ಜೊತೆ ತಾಳಕ್ಕೆ ನೆಲ ಕುಟ್ಟಿದ ಸದ್ದೂ ರೆಕಾರ್ಡಿನಲ್ಲಿರುತ್ತದೆ, ಆ ದಿನ ಶೂ ನಿನ್ನ ಕಾಲಲ್ಲೇ ತಾನೇ, ಟಕ್ ಟಕ್ ಅಂತ ಎರಡೂ ಕಾಲು ಶೂ ಸದ್ದು ಮಾಡಿದರೆ ಹಾಡಿದ್ದು ನೀನೇ, ಎದ್ದು ಹೇಳು.

ಕರಕರ ಅಂದಿತು ರೆಕಾರ್ಡು, ಆ ದನಿ ಎದ್ದಿತು, ಎಳೆಯದು, ಗಟ್ಟಿ, ಮೇಲೇರುತ್ತ ಏರುತ್ತ ಒಡೆಯದೆ ನಿಂತದ್ದು, ಅಮ್ಮನ ಗಂಟಲಿನದೇ ದನಿ, ಇಬ್ಬರಿಗೂ ಬಂದದ್ದು ಅದೇ ತಾನೇ, ದನಿ ಬಿಡು, ಕಾಲು ಕೇಳು, ಮರದ ನೆಲ — ಟಕ್. ಧಪ್. ಟಕ್. ಧಪ್. ಇದೇನಿದು, ಒಂದು ಶೂ, ಒಂದು ಬರಿ ಹಿಮ್ಮಡಿ, ಟಕ್, ಧಪ್, ಹೀಗಿರಬಾರದು, ಇಬ್ಬರಲ್ಲಿ ಒಬ್ಬಳಿಗೆ ಎರಡೂ ಇರಬೇಕು — ಬಟ್ಟೆ ಒಣಗುವ ಹಗ್ಗ, ಅಮ್ಮನ ಬಾಯಲ್ಲಿ ಕ್ಲಿಪ್ಪು, ಆ ಭಾನುವಾರ ಬೆಳಿಗ್ಗೆ, ಇವತ್ತು ನನ್ನ ಸರದಿ, ಇಲ್ಲ ನನ್ನದು, ಜುಟ್ಟು ಹಿಡಿದುಕೊಂಡು ಅಳುತ್ತಿದ್ದಾರೆ ಇಬ್ಬರೂ, ಅಮ್ಮ ಕ್ಲಿಪ್ಪು ಉಗಿದು ಅನ್ನುತ್ತಾಳೆ, ಪೀಡೆಗಳಾ, ಒಂದೊಂದು ಕಾಲಿಗೆ ಹಾಕ್ಕೊಂಡು ತೊಲಗಿ — ಬಲಗಾಲಿನದು ನನಗೆ, ಪೇಪರ್ ತುರುಕಿ, ಎಡಗಾಲಿನದು ಅವಳಿಗೆ, ಬೀಳಬಾರದು ಅಂತ ಒಬ್ಬರ ಸೊಂಟ ಒಬ್ಬರು ಹಿಡಿದುಕೊಂಡು ಒಂದೇ ಮೈಕಿನ ಮುಂದೆ, ಹಾಗಾದರೆ ಟಕ್ ಅನ್ನುವ ಕಾಲು ಯಾರದು, ಧಪ್ ಯಾರದು, ಮೇಲೇರಿದ್ದು ಯಾರು, ದೇವರೇ, ಅರವತ್ತಾರು ವರ್ಷ ಯಾರ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ, ನಾನೋ ನೀನೋ ಅಂತ ನೀನು ಕೇಳಿದ್ದು ನಿಜವಾಗಿ ಗೊತ್ತಿಲ್ಲದೆಯೇನೇ ಅಕ್ಕಾ, ನಾನು ಹುರುಳಿಕಾಯಿ ನೋಡಲು ಹೋದೆನಲ್ಲೇ. ರೆಕಾರ್ಡು ನಿಂತಿದೆ. ಕೈಯಲ್ಲಿ ಮೈಕು, ಯಾರಿಟ್ಟರು, ಎದ್ದು ನಿಂತದ್ದು ಯಾವಾಗ, ನಿಧಾನ ಆಗ್ಲಿ ಮದರ್, ಚರ್ಚಿನ ಹಿರಿಯಳನ್ನು ಕರೆಯುವ ಹಾಗೆ ಹಿಂದಿನ ಸಾಲಿನಿಂದ ಯಾರೋ ಅಂದರು, ನಿಧಾನ, ನಿಧಾನ, ಇಡೀ ಚರ್ಚು ಅನ್ನುತ್ತಿದೆ. ಅವಳು ಮೈಕನ್ನು ಬ್ಯೂಲಾಳ ಮಡಿಲಿಗೆ ಹಾಕಿದಳು, ಬಗ್ಗಿದಳು, ತಾನು ಹಾಕಿಕೊಂಡು ಬಂದಿದ್ದ ಬಿಳಿ ಶೂಗಳಲ್ಲಿ ಎಡಗಾಲಿನದನ್ನು ಬಿಚ್ಚಿದಳು, ಚಿಕ್ಕಮ್ಮಾ, ಏನ್ ಮಾಡ್ತಿದೀರಾ, ಕ್ಯಾಮಿಲ್ ತೋಳು ಹಿಡಿದಳು, ಬಿಡೇ ಮಗಳೇ, ನಡುವಿನ ದಾರಿಯಲ್ಲಿ ಟಕ್, ಧಪ್, ಟಕ್, ಧಪ್, ಹೂವಿನ ಹತ್ತಿರ ನಿಂತಿದ್ದ ಆ ಶವ ಸಿಂಗರಿಸುವವನಿಗೆ, ಆ ಕೆಳಗಿನ ಮುಚ್ಚಳ ತೆಗೆಯಪ್ಪಾ, ಯಾಕಮ್ಮಾ, ತೆಗೆ ಅಂದೆ — ಬರಿಗಾಲ ಅಕ್ಕನಿಗೆ ಹಾಕೋಕೆ ಬಿಳಿ ಶೂ, ಎಡಗಾಲಿನದು, ಒಂದು, ಬಿಳಿ ಶೂ.