ಹದಿನಾರಕ್ಕೆ ಹದಿನೆಂಟು

ಸಿರುಗುಪ್ಪದಲ್ಲಿ ಬಯೋಡೇಟಾ ಟೈಪ್ ಮಾಡಿಸಿದರೆ ಸಂಜೆಯೊಳಗೆ ಆ ಸುದ್ದಿ ಎಲ್ಲ ರೈಸ್‌ಮಿಲ್ಲುಗಳ ಗೇಟು ಮುಟ್ಟುತ್ತದೆ. ಅದಕ್ಕೇ ನಮ್ಮೂರು ತೆಕ್ಕಲಕೋಟೆಯಿಂದ ಬಸ್ಸು ಹತ್ತಿ ಬಳ್ಳಾರಿಗೆ ಬಂದೆ. ಕಂಟೋನ್ಮೆಂಟಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ವಿಜಯಲಕ್ಷ್ಮಿ ಎಂಬಾಕೆ ಕಂಪ್ಯೂಟರಿನ ಮುಂದೆ ಕೂತು ನನ್ನ ಮೂವತ್ತಾರು ವರ್ಷಗಳನ್ನು ಒಂದು ಹಾಳೆಗೆ ಇಳಿಸತೊಡಗಿದಳು.

ಹೆಸರು ಜಂಬುನಾಥ. ವಿದ್ಯೆ ಬಿ.ಕಾಂ., ಎರಡನೇ ದರ್ಜೆ. ಅಲ್ಲಿಯವರೆಗೆ ಸಲೀಸು. ಆಮೇಲೆ ಹಿಂದಿನ ಕೆಲಸ ಕೇಳಿದಳು.

“ಭತ್ತ ಬಾಯಾಗ ಹಾಕ್ಕೊಂಡು ತೇವ ಹೇಳೋದು,” ಅಂದೆ.

ಅವಳ ಬೆರಳುಗಳು ನಿಂತವು. “ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನ್ರಿ?”

ಹನ್ನೊಂದು ವರ್ಷ ಕೊಟ್ಟಿದ್ದರು. ಮಿಲ್ಲಿನ ಗೇಟಿಗೆ ಟ್ರ್ಯಾಕ್ಟರು ಬಂದು ನಿಂತಾಗ ಚೂಪು ಕೊಳವೆಯನ್ನು ಚೀಲಕ್ಕೆ ಚುಚ್ಚಿ ನಾಲ್ಕು ಕಾಳು ತೆಗೆಯುತ್ತಿದ್ದೆ. ದವಡೆ ಹಲ್ಲಿನಲ್ಲಿಟ್ಟು ಒತ್ತುತ್ತಿದ್ದೆ. ಕಾಳು ಮುರಿಯುವ ಸದ್ದಿನಲ್ಲಿ ತೇವ ನೂರಕ್ಕೆ ಎಷ್ಟೆಂಬುದು ತಿಳಿಯುತ್ತಿತ್ತು. ತೇವ ಹೆಚ್ಚಿದ್ದರೆ ರೈತನಿಗೆ ಬೆಲೆ ಕಡಿಮೆ. ನಾನು ಕೂಗಿದ ಅಂಕಿಯೇ ಕೊನೆಯ ಅಂಕಿ. ಇದೆಲ್ಲ ಕೇಳಿ ವಿಜಯಲಕ್ಷ್ಮಿ ತಲೆಯಾಡಿಸಿದಳು. ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರ ಅರ್ಥ ಹೀಗಿತ್ತು: ಧಾನ್ಯದ ಗುಣಮಟ್ಟ ಪರೀಕ್ಷೆಯಲ್ಲಿ ಹನ್ನೊಂದು ವರ್ಷಗಳ ನಿಖರ ಅನುಭವ.

‘ನಿಖರ’ ಬೇಡ ಎಂದೆ. ಅದನ್ನು ತೆಗೆದರೆ ಉಳಿಯುವುದು ಬರೀ ವಯಸ್ಸು ಎಂದಳು. ಇರಲಿ ಎಂದೆ. ಅವಳಿಗೆ ನಾನು ಅರ್ಧವನ್ನಷ್ಟೇ ಹೇಳಿದ್ದೆ.

ಉಳಿದರ್ಧ ಇದು. ಕೆಲಸಕ್ಕೆ ಸೇರಿದ ಮೊದಲ ವಾರ ಮಿಲ್ಲಿನ ಮಾಲೀಕ ದೊಡ್ಡಬಸವರಾಜ ನನ್ನನ್ನು ತೂಕದ ಕಟ್ಟೆಯ ಹಿಂದಕ್ಕೆ ಕರೆದಿದ್ದ. “ಹಲ್ಲು ಏನರ ಹೇಳ್ಲಿ, ಬಾಯಿ ಎರಡು ಕೂಡಿಸಿ ಹೇಳ್ಬೇಕು,” ಅಂದಿದ್ದ. ಮೊದಲ ಸುಗ್ಗಿಯಲ್ಲಿ ನಾಲಿಗೆ ತಡವರಿಸುತ್ತಿತ್ತು. ಮೂರನೆಯ ಸುಗ್ಗಿಗೆ ಕೂಡಿಸುತ್ತಿದ್ದೇನೆಂಬುದೇ ಮರೆತುಹೋಯಿತು. ಹದಿನೇಳಿನ ಸದ್ದು ಕಿವಿಗೆ ಬಿದ್ದರೆ ಬಾಯಿ ಹತ್ತೊಂಬತ್ತು ಅನ್ನುತ್ತಿತ್ತು. ಕಳೆದ ವರ್ಷ ಮಿಲ್ಲಿಗೆ ತೇವ ಅಳೆಯುವ ಮಷೀನು ಬಂತು. ಅದು ಇದ್ದದ್ದನ್ನೇ ತೋರಿಸುತ್ತಿತ್ತು. ಅದನ್ನು ನನ್ನ ಅಂಕಿಗೆ ಹೊಂದಿಸಲು ದೊಡ್ಡಬಸವರಾಜ ಹೇಳಿದ, ಹೊಂದಿಸಿದೆ. ನನ್ನ ಜಾಗಕ್ಕೆ ಬಂದದ್ದಕ್ಕೆ ನಾನೇ ಸುಳ್ಳು ಕಲಿಸಿದೆ. ಮರುತಿಂಗಳು ಅವನು ನನ್ನನ್ನು ಕೆಲಸದಿಂದ ಬಿಡಿಸಿದ.

ಅಷ್ಟರಲ್ಲಿ ಕೆಮ್ಮು ಎದೆಯಲ್ಲಿ ಮನೆ ಮಾಡಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಅದು ಹೊಟ್ಟಿನ ಧೂಳು ಎಂದರು. ಇನ್ನೆರಡು ಸುಗ್ಗಿ ಗೇಟಿನಲ್ಲಿ ನಿಂತರೆ ಆಮೇಲೆ ಸಿಲಿಂಡರಿನ ಗಾಳಿಯಲ್ಲೇ ಬದುಕಬೇಕಾಗುತ್ತದೆ ಎಂದರು. ಹೆಂಡತಿ ಗಂಗೋತ್ರಿ ಅಂದೇ ತೀರ್ಮಾನಿಸಿದಳು. ಇನ್ನು ಮೇಲೆ ಕೆಲಸವೆಂದರೆ ಆಫೀಸು, ಬಾಗಿಲು ಮುಚ್ಚಿಕೊಳ್ಳುವಂಥ ಆಫೀಸು. ಕುರುಗೋಡಿನಲ್ಲಿ ರೈತರೇ ಕೂಡಿ ಕಟ್ಟಿದ ಕಂಪನಿಗೆ ಗುಮಾಸ್ತ ಬೇಕೆಂಬ ಜಾಹೀರಾತನ್ನು ಫೋನಿನಲ್ಲಿ ಹುಡುಕಿದವಳೂ ಅವಳೇ.

ವಿಜಯಲಕ್ಷ್ಮಿ ನನ್ನ ಫೋಟೋದ ಕುತ್ತಿಗೆಯ ಕೆಳಗೆ ಯಾರದೋ ಕೋಟು ಅಂಟಿಸಿದಳು. ನೋಡಿದರೆ ನನಗೂ ನಂಬಿಕೆ ಬರುವಂತಿತ್ತು.

ಮರುವಾರ ಕುರುಗೋಡಿನ ಕಂಪನಿಯವರು ಕರೆದರು. ಒಳಗೆ ಇಬ್ಬರಿದ್ದರು. ಒಬ್ಬರು ಅಧ್ಯಕ್ಷ ಕಾಡಸಿದ್ದಪ್ಪ, ಎಪ್ಪತ್ತರ ಹತ್ತಿರದ ರೈತ. ಇನ್ನೊಬ್ಬಳು ಮ್ಯಾನೇಜರ್ ನೇತ್ರಾ, ನನಗಿಂತ ಹತ್ತು ವರ್ಷ ಚಿಕ್ಕವಳು. ಅವಳು ಕಂಪ್ಯೂಟರಿನ ಬಗ್ಗೆ ಕೇಳಿದಳು, ಜಿಎಸ್‌ಟಿ ಬಗ್ಗೆ ಕೇಳಿದಳು. ಮಿಲ್ಲು ಬಿಟ್ಟ ಮೇಲೆ ಒಂದು ತಿಂಗಳು ಕೂತು ಕಲಿತದ್ದೆಲ್ಲ ಬಾಯಿಗೆ ಬಂತು. ಅವಳು ಮುಖ ಸಡಿಲಿಸಿ ಯಾವಾಗಿನಿಂದ ಬರುತ್ತೀರಿ ಎಂದಳು. ಕೆಲಸ ಸಿಕ್ಕಿತೆಂದೇ ತಿಳಿದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಎಸಿ ಸಣ್ಣಗೆ ಓಡುತ್ತಿತ್ತು. ಒಂದು ಸಲವೂ ಕೆಮ್ಮಿರಲಿಲ್ಲ.

ಕಾಡಸಿದ್ದಪ್ಪ ನನ್ನ ಹಾಳೆಯನ್ನು ದೂರ ಹಿಡಿದು ಓದುತ್ತಿದ್ದವರು ಮೇಜಿನ ಮೇಲಿದ್ದ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು. ಮುಂಜಾನೆ ಬಂದ ಸೋನಾ ಮಸೂರಿ ಭತ್ತ. ಒಂದು ಕಾಳು ನೋಡಿ ಹೇಳು, ಸುಮ್ಮನೆ, ಎಂದರು.

ಕಾಳು ಬಾಯಿಗಿಟ್ಟೆ. ಒತ್ತಿದೆ. ಹದಿನಾರು.

“ಹದಿನೆಂಟು,” ಅಂದೆ.

ನೇತ್ರಾ ಅದೇ ಭತ್ತ ಅಳೆದಿಟ್ಟಿದ್ದ ತೇವದ ಮಷೀನನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದಳು. ಹದಿನಾರು. ತಪ್ಪಾಯಿತು, ಇನ್ನೊಮ್ಮೆ ನೋಡುತ್ತೇನೆ ಎಂದೆ. ಅವಳು ಬೀರುವಿನಿಂದ ಬೇರೆ ಚೀಟಿ ಹಚ್ಚಿದ ಇನ್ನೊಂದು ಪೊಟ್ಟಣ ತೆಗೆದಳು. ಈ ಸಲ ಎಚ್ಚರದಿಂದ ಒತ್ತಿದೆ, ಕಣ್ಣು ಮುಚ್ಚಿ ಒತ್ತಿದೆ. ಹದಿನಾಲ್ಕು. ಬಾಯಿ ತೆರೆದೆ. ಹದಿನಾರು ಎಂದು ಕೇಳಿಸಿತು, ನನ್ನದೇ ದನಿಯಲ್ಲಿ.

ಮಷೀನು ಹದಿನಾಲ್ಕು ತೋರಿಸಿತು.

ಬೈಗುಳಕ್ಕೆ ಕಾದೆ. ಇವರ ಭತ್ತವೂ ನನ್ನ ಗೇಟು ದಾಟಿರಬಹುದು. ಆದರೆ ಕಾಡಸಿದ್ದಪ್ಪ ಹೊಸ ಎತ್ತಿನ ಬಾಯಿ ನೋಡುವವರ ಹಾಗೆ ನನ್ನನ್ನು ನೋಡುತ್ತಿದ್ದರು.

“ಯಾವಾಗ್ಲೂ ಎರಡೇ ಏನಪಾ? ಒಂದೂವರಿ, ಎರಡೂವರಿ ಹಂಗೇನಿಲ್ಲ?”

“ಇಲ್ರಿ. ಎರಡೇ.”

“ಹಂಗಾರ ನಿನ್ನ ಹಲ್ಲು ಖರೇನ ಅದಾವು,” ಅಂದರು. ಆಮೇಲೆ ನಿಧಾನವಾಗಿ ವಿವರಿಸಿದರು. ಗುಮಾಸ್ತಿಕೆಗೆ ಯಾರಾದರೂ ಸಿಗುತ್ತಾರೆ. ಸುಗ್ಗಿಯಲ್ಲಿ ದಿನಕ್ಕೆ ಅರವತ್ತು ಟ್ರ್ಯಾಕ್ಟರು ಬರುತ್ತವೆ, ಒಂದು ಮಷೀನು ಸಾಲದು. ಮೇಲಾಗಿ ಜನ ಮಷೀನನ್ನು ನಂಬುವುದಿಲ್ಲ, ಹಲ್ಲನ್ನು ನಂಬುತ್ತಾರೆ. “ನೀನು ಗೇಟಿಗೆ ಬಾ. ಮೆಂಬರ್‌ಗಳ ಭತ್ತಕ್ಕ ಇದ್ದದ್ದು ಇದ್ದಂಗ ಹೇಳು. ಹೊರಗಿನವರದಕ್ಕ ಒಂದು ಕೂಡಿಸು. ಎರಡು ಬ್ಯಾಡ, ನಾವೂ ರೈತರ.”

ನೇತ್ರಾ ಪರದೆಯಿಂದ ಕಣ್ಣೆತ್ತಲಿಲ್ಲ. ಎದೆಯ ಎಕ್ಸ್‌ರೇ ವಿಷಯ ಹೇಳಿದೆ. ಮಾಸ್ಕ್ ಕೊಡುತ್ತೇವೆ ಎಂದಳು, ಒಳ್ಳೆಯ ಮಾಸ್ಕ್. ಮಾಸ್ಕ್ ಹಾಕಿಕೊಂಡರೆ ಕಾಳು ಬಾಯಿಗೆ ಹೋಗುವುದು ಹೇಗೆ ಎಂದು ನಾನು ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ.

“ಹೊರಗಿನವರಿಗೂ ಇದ್ದದ್ದ ಹೇಳ್ತೀನಂದ್ರ?” ಅಂದೆ.

“ಅದನ್ನ ಮಷೀನು ಹೇಳತೈತಲ್ಲಪಾ. ನೀ ಯಾಕ ಬೇಕು?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನೇತ್ರಾ ಪೆನ್ನು ತೆಗೆದು ನನ್ನ ಹಾಳೆಯ ತಲೆಯಲ್ಲಿದ್ದ ಗುಮಾಸ್ತ ಎಂಬುದನ್ನು ಒಂದು ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಗೇಟು ಎಂದು ಬರೆದಳು, ಆಮೇಲೆ ನನ್ನ ಮುಖ ನೋಡಿದಳು. ಬೇಡ ಎನ್ನಲು ಬೇಕಾದ ಉಸಿರು ನನ್ನಲ್ಲಿತ್ತು. ಸೋಮವಾರ ಎಷ್ಟು ಹೊತ್ತಿಗೆ ಬರಬೇಕು ಎಂದು ಕೇಳಿದೆ.

ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿರುವಾಗ ಗಂಗೋತ್ರಿಯ ಫೋನು ಬಂತು. ಸಿಕ್ತು ಎಂದೆ. ಅವಳು ಒಂದೊಂದಾಗಿ ಕೇಳತೊಡಗಿದಳು. ಕಿಟಕಿ ಮುಚ್ಚತಾವೇನು? ಮುಚ್ಚುತ್ತವೆ. ಎಸಿ ಐತೇನು? ಇದೆ.

“ಕುರ್ಚಿ? ಕುರ್ಚಿ ಹೆಂಗೈತಿ?”

ಕಾಡಸಿದ್ದಪ್ಪ ಕೂತಿದ್ದ ಕುರ್ಚಿಯನ್ನು ನೆನಪಿಸಿಕೊಂಡೆ. ಅದರ ಗಾಲಿ, ಕೈಗಳ ಮೇಲಿನ ಕಪ್ಪು ರೆಕ್ಸಿನ್, ಬೆನ್ನಿಗೆ ಒರಗುವಲ್ಲಿ ಹಾಸಿದ್ದ ಬಿಳಿ ಟವೆಲು. ಒಂದನ್ನೂ ಬಿಡದೆ ಅವಳಿಗೆ ಹೇಳಿದೆ.