ಕಿಸೆಯೊಳಗಿನ ಚಾವಿ

ಗುರುದೇವಿ ರಿಮೋಟ್ ಚಾವಿಯ ಗುಂಡಿ ಒತ್ತಿದಳು. ಕಾರು ಮಿಸುಕಲಿಲ್ಲ. ಇನ್ನೊಮ್ಮೆ ಒತ್ತಿದಳು, ಬಾಗಿಲ ಹಿಡಿಕೆ ಎಳೆದಳು. ಸೆಲ್ಲು ಮುಗಿದಿರಬೇಕೆನ್ನಲು ಹೋದ ವಾರವಷ್ಟೇ ಹೊಸದು ಹಾಕಿಸಿದ್ದಳು. ಕಾಲ ಬಳಿ ಎರಡು ಬುಟ್ಟಿ ಖಟಕ್ ರೊಟ್ಟಿ ಇತ್ತು. ಮಧ್ಯಾಹ್ನದ ಊಟಕ್ಕೆ ಅದು ಊರಿನ ಈ ತುದಿಯ ಉಪ್ಪಲ್‌ನಿಂದ ಆ ತುದಿಯ ಲಿಂಗಂಪಲ್ಲಿಯ ಹಾಸ್ಟೆಲ್ ಮುಟ್ಟಬೇಕು.

ಕೆಳಮನೆಯ ಕಿಟಕಿಯಿಂದ ನೆಗೆಣ್ಣಿ ಸುಗಲಮ್ಮನ ದನಿ ಬಂತು. "ಎಷ್ಟು ಒತ್ತಿದ್ರೂ ಅಷ್ಟ. ಅದು ಸತ್ತೈತಿ. ನಿಮ್ಮ ಬಾವಾರು ನಿನ್ನೆ ಗಾಡಿ ನಾಂಪಲ್ಲಿಗೆ ಒಯ್ದು ಹೊಸ ಚಾವಿ ಮಾಡ್ಸ್ಯಾರ. ಒಂದು ಅವರ ಹಂತ್ಯಾಕ, ಒಂದು ನಮ್ಮ ಕಾರ್ತಿಕನ ಹಂತ್ಯಾಕ."

"ನಂದು?"

"ಒಯ್ಯದ ಚಾವಿ ಅಳಿಸಿ ಹೋಗ್ತೈತಂತ. ಮಷೀನಿನ ಕಾಯ್ದೆ. ನಾವೇನ್ ಮಾಡೂಣು?"

ಮಷೀನಿನ ಕಾಯ್ದೆಯಂತೆ! ಗಂಡನ ಹೊಟ್ಟೆಕಿಚ್ಚನ್ನು ಬಾಯಿಲ್ಲದ ಮಷೀನಿನ ತಲೆಗೆ ಕಟ್ಟಲು ಆ ಹೆಂಗಸಿಗೆ ನಾಚಿಕೆಯೂ ಆಗಲಿಲ್ಲ. ಕಾರು ತೆಗೆದುಕೊಂಡವನು ಗುರುದೇವಿಯ ಗಂಡ ಹಂಪಯ್ಯ, ರಕ್ಷಣಾ ಕಾರ್ಖಾನೆಯ ನೌಕರ. ಅವನು ತೀರಿಕೊಂಡ ಮೇಲೆ ಗಾಡಿ ಕಾಯ್ದೆ ಪ್ರಕಾರ ಗುರುದೇವಿಯ ಹೆಸರಿಗಾಯಿತು. ಆದರೆ ದಿವಸದ ಊಟಕ್ಕೆ ಎಲೆ ಹಾಕುವ ಮೊದಲೇ ಅವನ ಅಣ್ಣ, ಸುಗಲಮ್ಮನ ಗಂಡ ಗೊಲ್ಲಾಳಪ್ಪ ಗೋಡೆಯ ಮೊಳೆಯಿಂದ ಎರಡನೇ ಚಾವಿ ತೆಗೆದು ಕಿಸೆಗೆ ಇಳಿಸಿದ್ದ. ಗಂಡಸರ ಕೈಯಲ್ಲಿ ಒಂದು ಇರಲಿ ಎಂದಿದ್ದ. ಅಳುವ ಮನೆಯಲ್ಲಿ ಚಾವಿಯ ಲೆಕ್ಕ ಯಾರು ಕೇಳುತ್ತಾರೆ?

ಗುರುದೇವಿ ಅತ್ತು ಮುಗಿಸಿ ಡ್ರೈವಿಂಗ್ ಕಲಿತಳು, ರೊಟ್ಟಿ ಬಡಿದು ಹಾಸ್ಟೆಲುಗಳಿಗೆ ಕೊಡತೊಡಗಿದಳು. ಗಾಡಿ ನಿಂತರೆ ಅವಳ ಒಲೆಯೂ ಆರುತ್ತದೆ. ಗೊಲ್ಲಾಳಪ್ಪನಿಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದೇ ಮಾಡಿದ್ದು. ಗಂಡ ಸತ್ತವಳು ಸ್ಟೀರಿಂಗ್ ಹಿಡಿದು ಊರು ತಿರುಗುವುದು ಅವನ ಕಣ್ಣಿಗೆ ಮೆಣಸಿನಪುಡಿ. ಸಾಲದ್ದಕ್ಕೆ ಈವತ್ತು ಮಗ ಕಾರ್ತಿಕನ ಲಗ್ನದ ಮಾತಿಗೆ ಲಿಂಗಂಪಲ್ಲಿಯ ಬೀಗರ ಮನೆಗೆ ಹೋಗಬೇಕಿತ್ತು, ನಮ್ಮದೇ ಗಾಡಿ ಎಂದು ಬೀಗಬೇಕಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗುರುದೇವಿ ರಿಮೋಟಿನ ಬೆನ್ನು ಒತ್ತಿ, ಒಳಗೆ ಅಡಗಿದ್ದ ಸಣ್ಣ ಕಬ್ಬಿಣದ ಚಾವಿ ಎಳೆದಳು. ಒಮ್ಮೆ ನಾಂಪಲ್ಲಿಯ ಎಕ್ಸಿಬಿಷನ್ ನೋಡಿ ಬಂದಾಗ ಸೆಲ್ಲು ಕೈಕೊಟ್ಟಿತ್ತು. ಆಗ ಹಂಪಯ್ಯ ಹೀಗೇ ಬಾಗಿಲು ತೆಗೆದಿದ್ದ. ಈಗಲೂ ಬಾಗಿಲು ತೆರೆಯಿತು. ತೆರೆದದ್ದೇ ತಡ, ಕಾರು ಕಳ್ಳನನ್ನು ಕಂಡಂತೆ ಕೂಗಿಕೊಂಡಿತು. ಗಲ್ಲಿಯ ಕಿಟಕಿಗಳೆಲ್ಲ ತೆರೆದವು. ಅವಳು ಬುಟ್ಟಿಗಳನ್ನು ಮುಂದಿನ ಸೀಟಿನಲ್ಲಿಟ್ಟು, ಸ್ಟೀರಿಂಗಿನ ಮುಂದೆ ಕೂತಳು.

ಗೊಲ್ಲಾಳಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಓಡಿ ಬಂದ. ಕಿಸೆಯಿಂದ ಚಾವಿ ತೆಗೆದು ಒತ್ತಿ ಕೂಗು ನಿಲ್ಲಿಸಿದ, ಮತ್ತೆ ಕಿಸೆಗೆ ಹಾಕಿದ. ಆ ಮನೆತನದಲ್ಲಿ ಬಾವನಾದವನು ತಮ್ಮನ ಹೆಂಡತಿಯನ್ನು ಮುಟ್ಟುವಂತಿಲ್ಲ, ಪಕ್ಕದಲ್ಲಿ ಕೂರುವಂತಿಲ್ಲ, ನೇರ ಮಾತೂ ಆಡುವಂತಿಲ್ಲ. ಅವಳ ಚಾವಿ ಕೊಲ್ಲಬಹುದು, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅವನು ಹೆಂಡತಿಯ ಕಡೆ ತಿರುಗಿದ.

"ಆಕಿಗೆ ಇಳಿಯಂತ ಹೇಳು."

"ಇಳಿಯಂಗಿಲ್ಲಂತ ಹೇಳಕ್ಕಾ," ಎಂದಳು ಗುರುದೇವಿ.

"ಇದು ನನ್ನ ತಮ್ಮನ ಗಾಡಿ."

"ನಿಮ್ಮ ತಮ್ಮ ನನ್ನ ಗಂಡ ಅಂತನೂ ಹೇಳಕ್ಕಾ."

ಎದುರು ಮನೆಯವರು ನಕ್ಕರು. ಗೊಲ್ಲಾಳಪ್ಪನ ಮುಖ ಕೆಂಪೇರಿತು. ಗಂಡಸಾಗಿದ್ದರೆ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದ. ಇವಳನ್ನು ಮುಟ್ಟಿದರೆ ಸಂಜೆಯೊಳಗೆ ಉಪ್ಪಲ್‌ನ ಕನ್ನಡದವರೆಲ್ಲ ಉಗಿಯುತ್ತಾರೆ. ಬಿಸಿಲಲ್ಲಿ ನಿಂತು ನಿಂತು ಅವನಿಗೆ ಒಂದು ಉಪಾಯ ಹೊಳೆಯಿತು. ಹಿಂದಿನ ಬಾಗಿಲು ತೆಗೆದು ಧಡಕ್ಕನೆ ಕೂತ.

"ನಾನೂ ಇಲ್ಲೇ ಕೂಡ್ತೀನಿ. ಚಾವಿ ನನ್ನ ಕಿಸೆದಾಗ ಐತಿ. ಹೆಂಗ ಒಯ್ತಾಳ ನೋಡೇಬಿಡ್ತೀನಿ!" ಎಂದು ಕಿಸೆ ತಟ್ಟಿಕೊಂಡು ಬಾಗಿಲು ಹಾಕಿಕೊಂಡ.

ಹಂಪಯ್ಯ ಗಾಡಿ ಓಡಿಸುವಾಗ ಚಾವಿ ಇರುತ್ತಿದ್ದದ್ದು ಗುರುದೇವಿಯ ವ್ಯಾನಿಟಿ ಬ್ಯಾಗಿನಲ್ಲಿ. ಅದು ಬ್ಯಾಗಿನಿಂದ ಹೊರಗೆ ಬಂದದ್ದೇ ಇಲ್ಲ. ಗಾಡಿಗೆ ಚಾವಿ ತನ್ನ ಒಳಗಿದ್ದರೆ ಸಾಕು, ಯಾರ ಕಿಸೆಯಲ್ಲಿದೆ ಎಂದು ಅದು ಕೇಳುವುದಿಲ್ಲ. ಗುರುದೇವಿ ಬ್ರೇಕು ತುಳಿದು ಗುಂಡಿ ಒತ್ತಿದಳು. ಇಂಜಿನ್ನು ಶುರುವಾಯಿತು. ಸುಗಲಮ್ಮ ಬಾಯಿ ತೆರೆದು ನಿಂತಿದ್ದಂತೆಯೇ ಕಾರು ಗಲ್ಲಿ ದಾಟಿತು.

"ಏ! ನಿಲ್ಲಿಸು! ಗಾಡಿ ನಿಲ್ಲಿಸು ಅಂದೆ!"

ಅವಳು ಸೊಸೆಯಾಗಿ ಬಂದ ಮೇಲೆ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಮಾತು ಬರ್ತೈತಿ ನಿಮಗ," ಎಂದಳು. "ನಿನ್ನೆ ಬಂದಿದ್ರ ಛಲೋ ಆಗ್ತಿತ್ತು."

"ಎಲ್ಲಿಗೆ ಒಯ್ಯಾಕತ್ತಿ?"

"ನೀವು ನಿನ್ನೆ ಒಯ್ದಲ್ಲಿಗೇ."

ನಾಂಪಲ್ಲಿಯ ಸಂದಿಯಲ್ಲಿ ಚಾವಿ ಅಂಗಡಿಯವನು ಕಾರನ್ನೂ ಗೊಲ್ಲಾಳಪ್ಪನನ್ನೂ ಗುರುತು ಹಿಡಿದ, ಸಲಾಂ ಮಾಡಿದ. ಗುರುದೇವಿ ಗಾಡಿಯ ನೋಂದಣಿ ಕಾರ್ಡು ಮುಂದೆ ಹಿಡಿದಾಗ ಅದರಲ್ಲಿದ್ದ ಹೆಂಗಸಿನ ಹೆಸರು ಓದಿ ಅವನ ಸಲಾಂ ಅರ್ಧಕ್ಕೆ ನಿಂತಿತು. "ದೋಚ್ ಚಾವಿ ಹೈ ಬೋಲೇ ನಾ ಚಾಚಾ ಕಲ್?" ಎಂದ. ಇರುವುದು ಎರಡೇ ಚಾವಿ ಎಂದು ನಿನ್ನೆ ಹೇಳಿದ್ದಿರಲ್ಲ ಎಂಬ ಆ ಪ್ರಶ್ನೆಗೆ ಚಾಚಾ ಗಾಡಿಯಿಂದ ಇಳಿದು ರಸ್ತೆ ನೋಡಿದ.

ಅಂಗಡಿಯವನು ಮಷೀನಿನ ವೈರನ್ನು ಗಾಡಿಗೆ ಸಿಕ್ಕಿಸಿ ಕೈ ಚಾಚಿದ. ಇರುವ ಚಾವಿಗಳನ್ನೆಲ್ಲ ಈಗಲೇ ಕೊಡಬೇಕು, ಕೊಡದ್ದು ಸಾಯುತ್ತದೆ. ಗುರುದೇವಿ ತನ್ನದನ್ನು ಕೊಟ್ಟು ಬಾವನ ಕಡೆ ತಿರುಗಿದಳು.

"ನಿಮ್ಮದೂ ಹಾಕಿಸ್ತೀನಿ ಬಾವಾರ. ಕಷ್ಟ ಸುಖಕ್ಕ ನೀವೂ ಒಯ್ರಿ, ಕೇಳಿ ಒಯ್ರಿ. ಆದ್ರ ಈ ಭಾಯಿ ಎದುರಿಗೆ ಒಂದು ಮಾತು ಅನ್ರಿ, ಗಾಡಿ ಗುರುದೇವಿದು ಅಂತ. ಅಷ್ಟ ಸಾಕು."

ಅವನು ಅಂದಿದ್ದರೆ ಅವಳು ನಿಜಕ್ಕೂ ಕೊಡುತ್ತಿದ್ದಳು. ಗೊಲ್ಲಾಳಪ್ಪನ ಕೈ ಕಿಸೆಯ ತನಕ ಹೋಯಿತು. ತುಟಿ ಅಲುಗಿತು. ಆಮೇಲೆ ಅವನು ಆ ಕೈಯಿಂದ ಕಿಸೆಯನ್ನೇ ಗಟ್ಟಿಯಾಗಿ ಮುಚ್ಚಿಕೊಂಡ.

"ಹೆಂಗಸಿನ ಮುಂದ ಗೊಲ್ಲಾಳಪ್ಪ ಕೈ ಒಡ್ಡಂಗಿಲ್ಲ," ಎಂದು ಎದುರಿನ ಗೋಡೆಗೆ ಹೇಳಿದ.

ಗುರುದೇವಿ ಅಂಗಡಿಯವನಿಗೆ ತಲೆಯಾಡಿಸಿದಳು. ಮಷೀನು ಕೆಲಸ ಮುಗಿಸಿ ಕೀಂ ಎಂದಿತು. ಅವಳು ಕೆಳಗಿಳಿದು ಚಾವಿ ಒತ್ತಿದಳು, ಬಾಗಿಲುಗಳಿಗೆ ಬೀಗ ಬಿತ್ತು. ಗೊಲ್ಲಾಳಪ್ಪ ತನ್ನದನ್ನು ತೆಗೆದು ಒತ್ತಿದ. ಮತ್ತೆ ಒತ್ತಿದ, ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದ. ಬೆಳಿಗ್ಗೆ ತಾನೂ ಹೀಗೇ ಒತ್ತುತ್ತಾ ನಿಂತಿದ್ದೆ ಎಂದು ಗುರುದೇವಿಗೆ ನೆನಪಾಯಿತು. ಕನಿಕರ ಬರಬಹುದೇನೋ ಎಂದು ಒಂದು ಗಳಿಗೆ ಕಾದಳು. ಬರಲಿಲ್ಲ.

"ಅದರ ಬೆನ್ನಾಗ ಒಂದು ಕಬ್ಬಿಣದ ಚಾವಿ ಐತ್ರಿ, ಅದು ಸತ್ತಿಲ್ಲ," ಎಂದಳು. "ಬಾಗಿಲ ತೆಗೀತೈತಿ. ನಾನೂ ಲಿಂಗಂಪಲ್ಲಿಗೇ ಹೊಂಟೀನಿ. ಬೀಗರ ಮನಿ ಮುಂದ ಇಳಿಸ್ತೀನಿ, ಹಿಂದ ಕೂಡ್ರಿ. ಗಾಡಿ ಯಾರದಂತ ಅವರು ಕೇಳಿದ್ರ ಮಾತ್ರ ನಾನ ಹೇಳ್ತೀನಿ."

ಗೊಲ್ಲಾಳಪ್ಪ ಚಾವಿಯನ್ನು ಕಿಸೆಗೆ ಹಾಕಿ, ರೈಲ್ವೆ ಸ್ಟೇಷನ್ನಿನ ಕಡೆ ನಡೆದ. ಬೆವರಿಗೆ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಗುರುದೇವಿ ಎರಡನೇ ಸಲ ಕರೆಯಲಿಲ್ಲ.